ಮುಟ್ಟೋ, ಗಾಯವೋ?

ಪುಣೆಯ ಕ್ಯಾಂಪಿನಲ್ಲಿರುವ 'ಲಾಲ್ ದೇವಳ'ವನ್ನು ನಮ್ಮವರಲ್ಲಿ ನೋಡದವರು ವಿರಳ. ಕೆಂಪು ಇಟ್ಟಿಗೆಯ ಈ ಯೆಹೂದ್ಯ ಪ್ರಾರ್ಥನಾಮಂದಿರವನ್ನು ಕಟ್ಟಿಸಲು ತೊಡಗಿದ ಡೇವಿಡ್ ಸಸೂನರೇ ಸಸೂನ್ ಆಸ್ಪತ್ರೆಗೂ ದ್ರವ್ಯಸಹಾಯ ಮಾಡಿದವರು. ಎರಡೂ 1867ರವು, ದಾನಿಗಳು 1864ರಲ್ಲಿಯೇ ತೀರಿಕೊಂಡಿದ್ದರು. ಮರಾಠಿಯಾಡುವ ಬೆನೆ ಇಸ್ರೇಲ್ ಯೆಹೂದ್ಯರ ಮಂದಿರವೊಂದು ರಾಸ್ತಾ ಪೇಟೆಯಲ್ಲಿದೆ. ಈ ಮತದ ಒಂದು ಗೃಹನಿಯಮವು ನಮ್ಮ ಮನೆಗಳ 'ಹೊರಗೆ ಕೂರುವ' ಪದ್ಧತಿಯನ್ನು ನೆನಪಿಗೆ ತರುವಂಥದು.

ಮುಟ್ಟಾದ ಹೆಂಗಸಿಗೆ 7 ದಿನಗಳ ಮೈಲಿಗೆಯೆಂದು ಬೈಬಲಿನ ಯಾಜಕಕಾಂಡದ 15ನೆಯ ಅಧ್ಯಾಯ ಹೇಳುತ್ತದೆ. ಮುಂದೆ ರಬ್ಬಿಗಳೆಂಬ ಧರ್ಮಪಂಡಿತರು ಇದನ್ನು ಬಿಗಿಗೊಳಿಸಿ, ಸ್ರಾವ ನಿಂತ ಮೇಲೆ 7 ಶುದ್ಧ ದಿನಗಳನ್ನು ಎಣಿಸಿ, ಮಿಕ್ವೆಯೆಂಬ ಸ್ನಾನಕುಂಡದಲ್ಲಿ ಮುಳುಗಿ ಎದ್ದ ಬಳಿಕವೇ ದಂಪತಿಗಳು ಕೂಡಬಹುದೆಂದು ವಿಧಿಸಿದರು. ಇಲ್ಲಿ ನಿರ್ಬಂಧವಿರುವುದು ಗಂಡಹೆಂಡಿರ ನಡುವೆ, ಅಡುಗೆಮನೆಗೆ ಅಲ್ಲ.

ಆದರೆ ಸ್ರಾವ ನಿಲ್ಲದೆಯೇ ಹೋದರೆ? ಆಗ ಶಾಸ್ತ್ರವು ಕೇಳುವ ಪ್ರಶ್ನೆ ಬಹು ಜಾಣತನದ್ದೆಂದು ನಮಗೆ ತೋರುತ್ತದೆ: ರಕ್ತ ಬಂದದ್ದು ಎಲ್ಲಿಂದ? ಗಾಯದ ರಕ್ತಕ್ಕೆ ಮೈಲಿಗೆಯಿಲ್ಲವೆಂಬ ವಿಚಾರ ತಾಲ್ಮೂದ್ ಗ್ರಂಥದಲ್ಲಿಯೇ ಉಂಟು. ಗರ್ಭಕಂಠದ ಹುಣ್ಣಿನಿಂದಲೋ ತಪಾಸಣೆಯಲ್ಲಾದ ಗೀರಿನಿಂದಲೋ ಬಂದಿತೆಂದು ಡಾಕ್ಟರು ಹೇಳಿದರೆ, ರಬ್ಬಿಗಳು ಆ ಮಾತನ್ನು ತೂಗಿನೋಡಿ ತೀರ್ಮಾನಿಸುತ್ತಾರೆ. ಹಾರ್ಮೋನಿನ ಏರುಪೇರಿನಿಂದ ಗರ್ಭಕೋಶದ ಒಳಪದರವೇ ಕಳಚಿ ಬಂದರೆ ಸಾಮಾನ್ಯವಾಗಿ ಮುಟ್ಟಿನ ನಿಯಮವೇ ಅನ್ವಯ. ಹೇಗಿದ್ದರೂ ಹೆಂಗಸು ಡಾಕ್ಟರ ಬಳಿಗೆ ಹೋಗಿಯೇ ತೀರಬೇಕಾಗುತ್ತದೆ.

ನಮ್ಮಲ್ಲಿ ಮೂರು ದಿನ ಹೊರಗೆ, ನಾಲ್ಕನೆಯ ದಿನ ಸ್ನಾನ ಎಂಬ ಲೆಕ್ಕವಿತ್ತೇ ಹೊರತು ಈ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಐವತ್ತರ ಆಸುಪಾಸಿನಲ್ಲಿ ಹದಿನೈದು ದಿನ ಹೋದರೂ "ನಿಲ್ಲುವ ಕಾಲ, ಹಾಗೇ" ಎಂದು ಅತ್ತೆ ಸೊಸೆಯರು ಸುಮ್ಮನಿರುವುದುಂಟು. ಗರ್ಭಕೋಶದ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರಲ್ಲ, ನಿಜ. ಆದರೆ ಅವೇ ರಕ್ತಹೀನತೆ ತಂದು ಹೆಂಗಸನ್ನು ಹಾಸಿಗೆ ಹಿಡಿಸಬಲ್ಲವು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಕಲೆ ಕಂಡರೂ ತಪಾಸಣೆ ಆಗಲೇಬೇಕು. ದಾಂಪತ್ಯದ ನಂತರ ರಕ್ತ ಕಾಣುವುದು ಗರ್ಭಕಂಠದ ಕ್ಯಾನ್ಸರಿನ ಸೂಚನೆಯಾಗಿರಬಹುದು. ಬೇಗ ಗೊತ್ತಾದರೆ ಅದು ಗುಣವಾಗಬಲ್ಲ ರೋಗ.

ದಿನ ಎಣಿಸುವುದು ನಮ್ಮ ಸೋದರಿಯರಿಗೆ ಹೊಸದೇನಲ್ಲ. ಎಂದು ಆರಂಭ, ಎಷ್ಟು ದಿನ, ಎಷ್ಟು ಬಟ್ಟೆ ಬೇಕಾಯಿತು ಎಂಬುದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತಿಟ್ಟು ಒಯ್ದರೆ ಡಾಕ್ಟರರ ಮೊದಲ ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿರುತ್ತದೆ.