ಬೇಲಿಗೊಂದು ಕಾವಲು: ಲೋಕಾಯುಕ್ತ ನಡೆದು ಬಂದ ದಾರಿ

ಬೆಂಗಳೂರಿನ ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿದೆ. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಕನಸಾಗಿದ್ದ ಆ ಭವ್ಯ ಕಟ್ಟಡ ಪೂರ್ಣಗೊಂಡದ್ದು 1956ರಲ್ಲಿ. ಆದರೆ ಪಹಣಿಗಾಗಿ, ಪಿಂಚಣಿಗಾಗಿ ಕಚೇರಿಯ ಮೆಟ್ಟಿಲು ಸವೆಸಿದ ಜನಸಾಮಾನ್ಯನ ಬಾಯಲ್ಲಿ ಇದಕ್ಕಿಂತ ಹಳೆಯ ಮಾತೊಂದಿದೆ: ‘ದೇವರು ವರ ಕೊಟ್ಟರೂ ಪೂಜಾರಿ ಕೊಡ.’ ಸರ್ಕಾರ ಯೋಜನೆ ಮಂಜೂರು ಮಾಡಬಹುದು, ಗುಮಾಸ್ತರ ಮೇಜಿನಿಂದ ಕಡತ ಮೇಲೇಳಬೇಕಲ್ಲ!

ಅಧಿಕಾರಿಗಳ ಮೇಲಿನ ಈ ಅಪನಂಬಿಕೆ ನಮ್ಮ ಭಾಷೆಯಲ್ಲೇ ಬೇರುಬಿಟ್ಟಿದೆ. ಸಂಸ್ಕೃತದಿಂದ ಬಂದ ‘ಲಂಚ’, ಅರಬ್ಬಿ ಮೂಲದ ‘ರುಷುವತ್ತು’ ಎರಡೂ ಕನ್ನಡದಲ್ಲಿ ಜೋಡುಪದದಂತೆ ಬಳಕೆಯಲ್ಲಿವೆ. ಇವೆರಡಕ್ಕಿಂತ ಹೆಚ್ಚು ಅರ್ಥಪೂರ್ಣವಾದುದು ‘ಮಾಮೂಲು’. ಅರಬ್ಬಿಯಲ್ಲಿ ಇದರ ಅರ್ಥ ರೂಢಿಯಲ್ಲಿರುವುದು, ವಾಡಿಕೆಯದು ಎಂದು. ಅಪರಾಧವೊಂದಕ್ಕೆ ‘ವಾಡಿಕೆ’ ಎಂಬ ಹೆಸರೇ ಅಂಟಿಕೊಂಡ ಮೇಲೆ ಕೊಡುವವರಿಗೂ ಪಡೆಯುವವರಿಗೂ ಸಂಕೋಚವೆಲ್ಲಿಯದು?

ಈ ವಾಡಿಕೆಯನ್ನು ಮುರಿಯಲೆಂದು ಕರ್ನಾಟಕ ಕಟ್ಟಿಕೊಂಡ ಸಂಸ್ಥೆ ಲೋಕಾಯುಕ್ತ. ವಿಧಾನಸೌಧದಿಂದ ಕೂಗಳತೆಯಲ್ಲಿರುವ ಬಹುಮಹಡಿ ಕಟ್ಟಡದಲ್ಲಿ ಅದರ ಕಚೇರಿ ಇದೆ. ಒಂದು ಕಾಲಕ್ಕೆ ಅಧಿಕಾರಿಗಳು ಅದರ ಹೆಸರು ಕೇಳಿದರೆ ಬೆವರುತ್ತಿದ್ದರು. ಮತ್ತೊಂದು ಕಾಲಕ್ಕೆ ಜನ ಅದನ್ನೇ ಅನುಮಾನಿಸಿದರು. ಒಂದೇ ಸಂಸ್ಥೆ ಹೀಗೆ ಏರಿಳಿದದ್ದೇಕೆ ಎಂಬುದನ್ನು ಅದರ ರಚನೆಯಲ್ಲೇ ಹುಡುಕಬೇಕು.

ಸ್ವೀಡನ್ನಿನಿಂದ ಬಂದ ಕಲ್ಪನೆ

ಆಡಳಿತದಿಂದ ಅನ್ಯಾಯವಾದಾಗ ಪ್ರಜೆಗಳ ದೂರು ಕೇಳಲು ಸರ್ಕಾರದ ಹಂಗಿಲ್ಲದ ಅಧಿಕಾರಿಯೊಬ್ಬ ಇರಬೇಕು ಎಂಬ ಕಲ್ಪನೆಯನ್ನು ಸ್ವೀಡನ್ 1809ರಷ್ಟು ಹಿಂದೆಯೇ ಜಾರಿಗೆ ತಂದಿತ್ತು. ಅಲ್ಲಿ ಅವನನ್ನು ಓಂಬುಡ್ಸ್‌ಮನ್ ಎಂದು ಕರೆದರು. ಭಾರತದಲ್ಲಿ ಇದಕ್ಕೆ ‘ಲೋಕಪಾಲ’ ಎಂಬ ಹೆಸರನ್ನು 1963ರಲ್ಲಿ ಸೂಚಿಸಿದವರು ಸಂಸದ ಎಲ್.ಎಂ. ಸಿಂಘ್ವಿ. ಮೊರಾರ್ಜಿ ದೇಸಾಯಿ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗ 1966ರಲ್ಲಿ ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಬೇಕೆಂದು ಶಿಫಾರಸು ಮಾಡಿತು. ಲೋಕಪಾಲ ಮಸೂದೆ 1968ರಲ್ಲಿ ಸಂಸತ್ತಿನ ಮುಂದೆ ಬಂದರೂ ಕಾಯ್ದೆಯಾಗಿ ಜಾರಿಯಾದದ್ದು 2014ರಲ್ಲಿ. ಅಷ್ಟರಲ್ಲಿ ಹಲವು ರಾಜ್ಯಗಳು ತಮ್ಮ ದಾರಿ ತಾವು ಹಿಡಿದಿದ್ದವು.

ಕರ್ನಾಟಕದಲ್ಲಿ ಅದಕ್ಕೆ ಮುಂಚೆ ಜಾಗೃತ ಆಯೋಗವಿತ್ತು. ಅದು ನೋಡುತ್ತಿದ್ದುದು ಮುಖ್ಯವಾಗಿ ನೌಕರರನ್ನು. ಮಂತ್ರಿಗಳ ಮೇಲೆ ಆರೋಪ ಬಂದರೆ ವಿಚಾರಣಾ ಆಯೋಗ ರಚಿಸಬೇಕಾಗುತ್ತಿತ್ತು. 1977ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಅವರ ವಿರುದ್ಧದ ಆರೋಪಗಳ ವಿಚಾರಣೆಗೆ ಕೇಂದ್ರದ ಜನತಾ ಸರ್ಕಾರ ನ್ಯಾಯಮೂರ್ತಿ ಗ್ರೋವರ್ ಆಯೋಗವನ್ನು ನೇಮಿಸಿತು. ಅದನ್ನು ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ ಸೋತಿತು. ಮಂತ್ರಿಗಳ ವಿಚಾರಣೆ ನಡೆಯಬೇಕಾದರೆ ಎದುರಾಳಿಗಳು ಅಧಿಕಾರದಲ್ಲಿರಬೇಕು ಎಂಬ ಸ್ಥಿತಿ ಅಂದಿನದು. ವಿಚಾರಣೆ ನಿಜವೋ, ಸೇಡೋ ಎಂದು ಜನ ತೀರ್ಮಾನಿಸುವುದು ಹೇಗೆ?

1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಾಮಕೃಷ್ಣ ಹೆಗಡೆ ಅವರ ನಾಯಕತ್ವದಲ್ಲಿ ಅಸ್ತಿತ್ವಕ್ಕೆ ಬಂತು. ಶುದ್ಧ ಆಡಳಿತದ ಭರವಸೆಯೊಂದಿಗೆ ಬಂದ ಆ ಸರ್ಕಾರ ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984ನ್ನು ತಂದಿತು. 1986ರ ಜನವರಿಯಲ್ಲಿ ಅದು ಜಾರಿಯಾಯಿತು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಡಿ. ಕೋಶಲ್ ಮೊದಲ ಲೋಕಾಯುಕ್ತರಾದರು. ಅದೇ ವರ್ಷ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಚಾರದಲ್ಲಿ ಹೈಕೋರ್ಟಿನ ಟೀಕೆಗೆ ಗುರಿಯಾದ ಹೆಗಡೆ ರಾಜೀನಾಮೆ ಕೊಟ್ಟು, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಕಾವಲುಗಾರನನ್ನು ನೇಮಿಸಿದ ಸರ್ಕಾರಕ್ಕೂ ಕಾವಲು ಬೇಕು ಎಂಬುದು ಆರಂಭದಲ್ಲೇ ಸ್ಪಷ್ಟವಾಯಿತು.

ಒಂದೇ ಸಂಸ್ಥೆಗೆ ಎರಡು ಕೈ

ಲೋಕಾಯುಕ್ತ ಕೆಲಸ ಮಾಡುವುದು ಎರಡು ಬಗೆಯಲ್ಲಿ. ಮೊದಲನೆಯದು ದೂರಿನ ವಿಚಾರಣೆ. ಪ್ರಮಾಣಪತ್ರದೊಂದಿಗೆ ದೂರು ಸಲ್ಲಿಸಿದರೆ ಲೋಕಾಯುಕ್ತರು ಅಥವಾ ಉಪಲೋಕಾಯುಕ್ತರು ಕಡತ ತರಿಸಿ, ಅಧಿಕಾರಿಯ ಉತ್ತರ ಪಡೆದು, ತಪ್ಪು ಕಂಡರೆ ಸರ್ಕಾರಕ್ಕೆ ವರದಿ ಕೊಡುತ್ತಾರೆ. ಇಲ್ಲಿ ಅವರಿಗಿರುವುದು ಮುಖ್ಯವಾಗಿ ಶಿಫಾರಸಿನ ಅಧಿಕಾರ. ಶಿಕ್ಷೆ ಕೊಡುವುದು ಸರ್ಕಾರದ ಕೆಲಸ.

ಎರಡನೆಯದು ಪೊಲೀಸ್ ವಿಭಾಗ. ಬೇರೆ ಹಲವು ರಾಜ್ಯಗಳ ಲೋಕಾಯುಕ್ತರಿಗೆ ಇಲ್ಲದ ಬಲವಿದು. ಭ್ರಷ್ಟಾಚಾರ ನಿಗ್ರಹ ಕಾಯ್ದೆಯಡಿ ಪ್ರಕರಣ ದಾಖಲಿಸುವ, ದಾಳಿ ನಡೆಸುವ, ಆರೋಪಪಟ್ಟಿ ಸಲ್ಲಿಸುವ ಅಧಿಕಾರ ಈ ಪೊಲೀಸರಿಗಿದೆ. ಸರ್ಕಾರದಿಂದ ಎರವಲು ಬಂದ ಪೊಲೀಸರು ಲೋಕಾಯುಕ್ತರ ಮೇಲ್ವಿಚಾರಣೆಯಲ್ಲಿ ಹೀಗೆ ತನಿಖೆ ನಡೆಸಬಹುದೇ ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1998ರಲ್ಲಿ ನ್ಯಾಯಾಲಯ ಈ ವ್ಯವಸ್ಥೆಯನ್ನು ಎತ್ತಿಹಿಡಿಯಿತು.

ಪತ್ರಿಕೆಗಳಲ್ಲಿ ನಿತ್ಯ ಕಾಣುವ ‘ಲೋಕಾಯುಕ್ತ ಬಲೆಗೆ’ ಎಂಬ ಸುದ್ದಿಯ ಹಿಂದೆ ಒಂದು ಸರಳ ರಸಾಯನಶಾಸ್ತ್ರವಿದೆ. ಲಂಚ ಕೇಳಿಸಿಕೊಂಡವನು ದೂರು ಕೊಟ್ಟಾಗ ಅವನು ತಂದ ನೋಟುಗಳ ಸಂಖ್ಯೆಯನ್ನು ಪಂಚರ ಸಮ್ಮುಖದಲ್ಲಿ ಬರೆದುಕೊಳ್ಳುತ್ತಾರೆ. ನೋಟುಗಳಿಗೆ ಫಿನಾಲ್ಫ್ತಲೀನ್ ಎಂಬ ಬಿಳಿ ಪುಡಿ ಸವರುತ್ತಾರೆ. ಸಾಮಾನ್ಯವಾಗಿ ಬೇರೆ ಕಚೇರಿಯ ನೌಕರರೇ ಪಂಚರು. ಅಧಿಕಾರಿ ಹಣ ಪಡೆದ ಕೂಡಲೇ ದೂರುದಾರ ಸನ್ನೆ ಮಾಡುತ್ತಾನೆ. ಒಳನುಗ್ಗುವ ಪೊಲೀಸರು ಅಧಿಕಾರಿಯ ಕೈಗಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸುತ್ತಾರೆ. ಪುಡಿ ತಾಗಿದ ಕೈಯಾದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಶೀಷೆಯಲ್ಲಿ ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಗುಲಾಬಿ ನೀರಿನಿಂದಲೇ ಕತೆ ಮುಗಿಯುವುದಿಲ್ಲ. ಹಣ ಕೈಯಲ್ಲಿತ್ತು ಎಂಬುದಷ್ಟೇ ಸಾಲದು, ಅದನ್ನು ಲಂಚವಾಗಿ ಕೇಳಿದ್ದ ಎಂಬುದೂ ರುಜುವಾತಾಗಬೇಕು. ಅದಕ್ಕೆ ದೂರುದಾರನ ಸಾಕ್ಷ್ಯ ಬೇಕು. ಪ್ರಕರಣ ವಿಚಾರಣೆಗೆ ಬರುವ ಹೊತ್ತಿಗೆ ವರ್ಷಗಳು ಉರುಳಿರುತ್ತವೆ. ಅದೇ ಕಚೇರಿಯಲ್ಲಿ ಮತ್ತೆ ಕೆಲಸ ಬೀಳುವ ರೈತನೋ ಸಣ್ಣ ಗುತ್ತಿಗೆದಾರನೋ ಕಟಕಟೆಯಲ್ಲಿ ನಿಂತು ‘ನನಗೆ ನೆನಪಿಲ್ಲ’ ಎಂದುಬಿಡುವುದುಂಟು. ದೂರುದಾರ ಹೀಗೆ ತಿರುಗಿಬಿದ್ದರೂ, ತೀರಿಕೊಂಡರೂ, ಬೇರೆ ಸಾಕ್ಷ್ಯಗಳಿಂದ ಅಪರಾಧ ಸಾಬೀತುಪಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರಿನಲ್ಲಿ ತೀರ್ಪಿತ್ತದ್ದು ಈ ಕಾರಣದಿಂದಲೇ ಮಹತ್ವದ್ದು.

ಏರಿದ ಕಾಲ

2001ರಿಂದ 2006ರವರೆಗೆ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ವೆಂಕಟಾಚಲ ಸಂಸ್ಥೆಯನ್ನು ಮನೆಮಾತಾಗಿಸಿದರು. ಸರ್ಕಾರಿ ಆಸ್ಪತ್ರೆ, ಕಚೇರಿಗಳಿಗೆ ಅವರು ದಿಢೀರ್ ಭೇಟಿ ಕೊಟ್ಟು ಅಧಿಕಾರಿಗಳನ್ನು ಜನರ ಎದುರೇ ಗದರಿಸುತ್ತಿದ್ದ ದೃಶ್ಯಗಳು ಟಿ.ವಿ.ಯಲ್ಲಿ ಬರುತ್ತಿದ್ದವು. ಕಾನೂನಿನಲ್ಲಿ ಹೊಸ ಅಧಿಕಾರವೇನೂ ಸೇರಿರಲಿಲ್ಲ. ಇದ್ದ ಅಧಿಕಾರ ಬಳಸುವವರು ಬಂದಿದ್ದರು, ಅಷ್ಟೇ.

ಅವರ ನಂತರ ಬಂದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ಕಾಲದ ದೊಡ್ಡ ಕೆಲಸ ಗಣಿ ವರದಿ. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಚಿನ್ನದ ಬೆಲೆ ಬಂದಿದ್ದ ದಿನಗಳವು. ಬಳ್ಳಾರಿಯಿಂದ ಪರವಾನಗಿ ಇಲ್ಲದೆ, ಹೊರೆ ಮೀರಿ ಅದಿರು ತುಂಬಿದ ಲಾರಿಗಳು ಬಂದರುಗಳತ್ತ ಸಾಗುತ್ತಿದ್ದವು. ಗಣಿ ಅಕ್ರಮಗಳ ತನಿಖೆಯನ್ನು ಸರ್ಕಾರವೇ 2007ರ ಮಾರ್ಚಿನಲ್ಲಿ ಲೋಕಾಯುಕ್ತಕ್ಕೆ ಒಪ್ಪಿಸಿತ್ತು. ಮೊದಲ ವರದಿ 2008ರ ಡಿಸೆಂಬರಿನಲ್ಲಿ ಬಂತು. ಸರ್ಕಾರದ ಸಹಕಾರವಿಲ್ಲವೆಂದು ಹೆಗ್ಡೆ 2010ರ ಜೂನಿನಲ್ಲಿ ರಾಜೀನಾಮೆ ಸಲ್ಲಿಸಿ, ಬಳಿಕ ಹಿಂಪಡೆದರು. 2011ರ ಜುಲೈ 27ರಂದು ಸಲ್ಲಿಸಿದ ಅಂತಿಮ ವರದಿಯಲ್ಲಿ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಲಾಗಿತ್ತು. ವರದಿಯಲ್ಲಿ ಹೆಸರಿಸಲಾಗಿದ್ದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಜುಲೈ 31ರಂದು ರಾಜೀನಾಮೆ ನೀಡಿದರು. ಗಣಿ ಕಂಪನಿಯಿಂದ ದೇಣಿಗೆ ಪಡೆದ ಆರೋಪದ ಪ್ರಕರಣದಲ್ಲಿ ಸಿಬಿಐ ವಿಶೇಷ ನ್ಯಾಯಾಲಯ 2016ರ ಅಕ್ಟೋಬರಿನಲ್ಲಿ ಅವರನ್ನು ಖುಲಾಸೆಗೊಳಿಸಿತು. ವರದಿಯೊಂದು ಕುರ್ಚಿಯನ್ನು ಅಲುಗಾಡಿಸಬಲ್ಲದು. ಆದರೆ ವರದಿಯೇ ತೀರ್ಪಲ್ಲ ಎಂಬ ಪಾಠವೂ ಅದರಲ್ಲಿತ್ತು.

ಇಳಿದ ಕಾಲ

ಹೆಗ್ಡೆ ಅವರ ನಂತರ ಬಂದ ನ್ಯಾಯಮೂರ್ತಿ ಶಿವರಾಜ ಪಾಟೀಲ್ ನಿವೇಶನದ ವಿವಾದದಿಂದಾಗಿ 2011ರ ಸೆಪ್ಟೆಂಬರಿನಲ್ಲಿ ರಾಜೀನಾಮೆ ಕೊಟ್ಟರು. 2013ರ ಫೆಬ್ರುವರಿಯವರೆಗೆ ಆ ಕುರ್ಚಿ ಖಾಲಿ ಉಳಿಯಿತು. ಆಮೇಲೆ ಬಂದ ನ್ಯಾಯಮೂರ್ತಿ ವೈ. ಭಾಸ್ಕರ ರಾವ್ ಅವರ ಅವಧಿಯಲ್ಲಿ, 2015ರಲ್ಲಿ, ಎಲ್ಲಕ್ಕಿಂತ ದೊಡ್ಡ ಆಘಾತ ಬಂತು. ಲೋಕಾಯುಕ್ತದ ಹೆಸರು ಹೇಳಿಯೇ ಅಧಿಕಾರಿಗಳಿಂದ ಹಣ ಸುಲಿಯಲಾಗುತ್ತಿದೆ ಎಂಬ ಆರೋಪ ಹೊರಬಿದ್ದು, ಲೋಕಾಯುಕ್ತರ ಮಗನೂ ಸೇರಿ ಹಲವರ ಬಂಧನವಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಲೋಕಾಯುಕ್ತರು ಹುದ್ದೆ ತೊರೆದರು. ಬೇಲಿಯೇ ಎದ್ದು ಹೊಲ ಮೇಯ್ದಿತೇ ಎಂದು ಜನ ಕೇಳಿದರು. ಕುರ್ಚಿ ಮತ್ತೆ ತುಂಬಿದ್ದು 2017ರ ಜನವರಿಯಲ್ಲಿ.

ಈ ನಡುವೆ 2016ರ ಮಾರ್ಚಿನಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ, ಅಂದರೆ ಎಸಿಬಿಯನ್ನು ರಚಿಸಿ, ದಾಳಿ ಮತ್ತು ತನಿಖೆಯ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಂದ ಅದಕ್ಕೆ ವರ್ಗಾಯಿಸಿತು. ಎಸಿಬಿ ಇದ್ದುದು ಮುಖ್ಯಮಂತ್ರಿಯ ಅಧೀನದಲ್ಲಿ. ರೋಗಿಷ್ಠ ಅಂಗಕ್ಕೆ ಚಿಕಿತ್ಸೆ ಕೊಡುವ ಬದಲು ಕತ್ತರಿಸಿ ತನ್ನ ಮನೆಯಲ್ಲಿಟ್ಟುಕೊಂಡಂತೆ ಇದು. ಮಂತ್ರಿಗಳ ಮೇಲಿನ ದೂರನ್ನು ಮಂತ್ರಿಮಂಡಲದ ಮುಖ್ಯಸ್ಥರ ಕೈಕೆಳಗಿನ ಅಧಿಕಾರಿಯೇ ವಿಚಾರಿಸಬೇಕಾಯಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿ ರಚನೆಯ ಆದೇಶವನ್ನು ರದ್ದುಗೊಳಿಸಿ, ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೆ ಮರಳಿಸಿತು.

ಸರ್ಕಾರದ ಕೈಲಿರುವ ಮೂರು ಹಗ್ಗ

ಈ ಏರಿಳಿತಕ್ಕೆ ವ್ಯಕ್ತಿಗಳಷ್ಟೇ ಕಾರಣರಲ್ಲ. ಸಂಸ್ಥೆಯನ್ನು ಕಟ್ಟಿರುವ ಮೂರು ಹಗ್ಗಗಳ ತುದಿ ಸರ್ಕಾರದ ಕೈಯಲ್ಲಿವೆ.

ಮೊದಲನೆಯದು ನೇಮಕ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಉಭಯ ಸದನಗಳ ಸಭಾಧ್ಯಕ್ಷರು, ವಿರೋಧ ಪಕ್ಷದ ನಾಯಕರೊಡನೆ ಸಮಾಲೋಚಿಸಿದ ಮುಖ್ಯಮಂತ್ರಿಯ ಸಲಹೆಯಂತೆ ರಾಜ್ಯಪಾಲರು ಲೋಕಾಯುಕ್ತರನ್ನು ನೇಮಿಸುತ್ತಾರೆ. ಸಲಹೆ ತಡವಾದರೆ ಕುರ್ಚಿ ಖಾಲಿ. ಎರಡನೆಯದು ಪೊಲೀಸರು. ಅವರು ಇಲಾಖೆಯಿಂದ ನಿಯೋಜನೆಯ ಮೇಲೆ ಬಂದು ಮತ್ತೆ ಅದೇ ಇಲಾಖೆಗೆ ಮರಳುವವರು. ಇಂದು ದಾಳಿ ಮಾಡಿದವರ ಮುಂದಿನ ವರ್ಗಾವಣೆಯ ಆದೇಶ ಹೊರಡುವುದು ಸರ್ಕಾರದಿಂದಲೇ.

ಮೂರನೆಯದು ಅನುಮತಿ. ಸರ್ಕಾರಿ ನೌಕರನ ಮೇಲೆ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಸಲು ಅವನನ್ನು ಹುದ್ದೆಯಿಂದ ತೆಗೆಯುವ ಅಧಿಕಾರವುಳ್ಳವರ ಒಪ್ಪಿಗೆ ಬೇಕು. ಪ್ರಾಮಾಣಿಕ ಅಧಿಕಾರಿಯನ್ನು ಸುಳ್ಳು ದೂರಿನಿಂದ ಕಾಪಾಡುವುದು ಇದರ ಉದ್ದೇಶ. ಆದರೆ ಒಪ್ಪಿಗೆಯ ಕಡತ ಕೊಳೆಯುತ್ತ ಬಿದ್ದರೆ ಅಪ್ರಾಮಾಣಿಕನಿಗೂ ಅದೇ ರಕ್ಷೆ. 2018ರಲ್ಲಿ ಆದ ಕೇಂದ್ರ ಕಾಯ್ದೆಯ ತಿದ್ದುಪಡಿ ಇದಕ್ಕೆ ಮೂರು ತಿಂಗಳ ಗಡುವು, ಅಗತ್ಯವಾದರೆ ಇನ್ನೊಂದು ತಿಂಗಳು ಎಂದು ಗೊತ್ತುಪಡಿಸಿತು. ಅದೇ ತಿದ್ದುಪಡಿ, ಅಧಿಕಾರಿಯ ಆಡಳಿತಾತ್ಮಕ ತೀರ್ಮಾನಗಳ ಕುರಿತು ತನಿಖೆ ಆರಂಭಿಸುವುದಕ್ಕೂ ಪೂರ್ವಾನುಮತಿ ಬೇಕೆಂಬ ಹೊಸ ನಿಯಮ ಸೇರಿಸಿತು. ಲಂಚ ಕೊಡುವುದನ್ನೂ ಅದು ಅಪರಾಧವಾಗಿಸಿತು. ಬಲವಂತಕ್ಕೆ ಕೊಟ್ಟವನು ಏಳು ದಿನಗಳೊಳಗೆ ದೂರು ಕೊಟ್ಟರೆ ಮಾತ್ರ ಅವನಿಗೆ ರಿಯಾಯಿತಿ.

ಬಲೆಯ ಆಚೆಗೆ

ಲಂಚ ಹುಟ್ಟುವುದು ಕೀಲಿಕೈ ಒಬ್ಬನ ಬಳಿ ಇದ್ದು, ಹೊತ್ತುಗೊತ್ತು ಅವನ ಇಚ್ಛೆಗೆ ಬಿಟ್ಟಾಗ. ಈ ಬೇರಿಗೇ ಕೈಹಾಕಿದ ಪ್ರಯತ್ನಗಳೂ ರಾಜ್ಯದಲ್ಲಿ ನಡೆದಿವೆ. ಗ್ರಾಮ ಲೆಕ್ಕಿಗರ ಪುಸ್ತಕಗಳಲ್ಲಿದ್ದ, ಸುಮಾರು 67 ಲಕ್ಷ ರೈತರಿಗೆ ಸೇರಿದ ಹತ್ತಿರ ಹತ್ತಿರ ಎರಡು ಕೋಟಿ ಪಹಣಿಗಳನ್ನು ‘ಭೂಮಿ’ ಯೋಜನೆ ಗಣಕಯಂತ್ರಕ್ಕೆ ಏರಿಸಿತು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲೇ ಪಹಣಿ ಸಿಗತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ವಿಲೇವಾರಿ ಮಾಡಬೇಕೆಂಬ ಕಟ್ಟುಪಾಡೂ ಬಂತು. 2012ರ ಏಪ್ರಿಲಿನಲ್ಲಿ ಆರಂಭವಾದ ‘ಸಕಾಲ’ ಪ್ರತಿ ಸೇವೆಗೂ ದಿನಗಳ ಗಡುವು ಕೊಟ್ಟು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಗೊತ್ತುಮಾಡಿತು. ಮೊತ್ತ ಚಿಕ್ಕದು. ಆದರೆ ತಡ ಮಾಡಿದವನೂ ತೆರಬೇಕು ಎಂಬ ಮಾತನ್ನು ಕಾನೂನು ಆಡಿತು.

ಲೋಕಾಯುಕ್ತಕ್ಕೆ ಈ ಗಡುವಿನ ನಿಯಮವನ್ನು ಯಾರೂ ಅಷ್ಟು ಬಿಗಿಯಾಗಿ ಅನ್ವಯಿಸಿಲ್ಲ. ಖಾಲಿ ಕುರ್ಚಿಯನ್ನು ಇಷ್ಟು ದಿನಗಳಲ್ಲಿ ತುಂಬದಿದ್ದರೆ, ಅನುಮತಿಯ ಕಡತಕ್ಕೆ ಇಷ್ಟು ದಿನಗಳಲ್ಲಿ ಉತ್ತರ ಬಾರದಿದ್ದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರವಿರುವವರೆಗೂ ಸಂಸ್ಥೆಯ ಬಲ ಅದರಲ್ಲಿ ಕೂತವರ ಗುಣವನ್ನೇ ನೆಚ್ಚಿಕೊಂಡಿರಬೇಕಾಗಿಲ್ಲ. ಉತ್ತರವಿಲ್ಲದ ತನಕ, ನೋಟಿಗೆ ಪುಡಿ ಸವರಿಸಿಕೊಂಡು ಅಧಿಕಾರಿಯ ಕೋಣೆಗೆ ಒಬ್ಬನೇ ಹೋಗುವ ದೂರುದಾರನೇ ಈ ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಧೈರ್ಯ ತೋರಿದವನು. ಅವನ ಬೆನ್ನಿಗೆ ನಿಲ್ಲುವುದೂ ಸರ್ಕಾರದ ಕೆಲಸವೇ.