ಕುಬ್ಜ ಮರಕ್ಕೆ ಹದವಾದ ಮಣ್ಣು

ಯಲಬುರ್ಗಾ, ಕುಷ್ಟಗಿ ಕಡೆಯ ಎರೆ ಭೂಮಿಯ ಬಗ್ಗೆ ಯಾವ ರೈತನೂ ಹಗುರವಾಗಿ ಮಾತನಾಡುವುದಿಲ್ಲ. ಹಿಂಗಾರಿಯಲ್ಲಿ ಒಂದೆರಡು ಹದ ಮಳೆ ಬಿದ್ದರೆ ಸಾಕು, ಆ ತೇವವನ್ನೇ ಒಡಲಲ್ಲಿಟ್ಟುಕೊಂಡು ಬಿಳಿಜೋಳ, ಕಡಲೆಗಳನ್ನು ಬೆಳೆದುಕೊಡುವ ನೆಲ ಅದು. ಆದರೆ ಇದೇ ಮಣ್ಣನ್ನು ನಾಲ್ಕು ಬೆರಳು ಆಳದ ತಟ್ಟೆಯಂಥ ಕುಂಡದಲ್ಲಿ ತುಂಬಿ, ಆಲದ ಸಸಿಯೊಂದನ್ನು ನೆಟ್ಟು ನೋಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಸಸಿ ಸೊರಗಿರುತ್ತದೆ. ಹೊಲದಲ್ಲಿ ಅನ್ನ ಕೊಡುವ ಮಣ್ಣು ಕುಂಡದಲ್ಲೇಕೆ ಮುನಿಯುತ್ತದೆ?

ಬೋನ್ಸಾಯ್ ಬೆಳೆಸಲು ಹೊರಟ ವಿದ್ಯಾರ್ಥಿಗಳು ಮೊದಲು ಬಿಡಿಸಬೇಕಾದ ಒಗಟು ಇದು. ಎಲ್ಲೋ ಫಲಪುಷ್ಪ ಪ್ರದರ್ಶನದಲ್ಲಿ ಗೇಣುದ್ದದ ಆಲದ ಮರ ನೋಡಿ ಮನಸೋತವರು ಸಾಮಾನ್ಯವಾಗಿ ಕತ್ತರಿ ಯಾವುದು, ತಂತಿ ಯಾವುದು, ಕುಂಡ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಾರೆ. ಮಣ್ಣಿನ ಬಗ್ಗೆ ಕೇಳುವವರು ಕಡಿಮೆ. ಹಿತ್ತಲಿನಿಂದ ನಾಲ್ಕು ಬೊಗಸೆ ತಂದು ತುಂಬಿದರಾಯಿತು ಎಂಬ ಭಾವನೆ. ಸಸಿ ಸತ್ತಾಗ ‘ನಮ್ಮ ಬಿಸಿಲಿಗೆ ಇದೆಲ್ಲ ಆಗಿಬರುವುದಿಲ್ಲ ಬಿಡಿ’ ಎಂದು ಕೈಚೆಲ್ಲುತ್ತಾರೆ. ಬಿಸಿಲಿನ ಮೇಲೆ ಹೊರಿಸುವ ಈ ದೂರಿನಲ್ಲಿ ಅರ್ಧ ಮಾತ್ರ ನಿಜ. ಕುಂಡದ ಎಷ್ಟೋ ಸಸಿಗಳು ಸಾಯುವುದು ಬಾಯಾರಿ ಅಲ್ಲ, ಮುಳುಗಿ!

ಬೇರಿಗೂ ಉಸಿರು ಬೇಕು

ಎಲೆಯಂತೆ ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿಯಿದ್ದರೆ ಮಾತ್ರ ಅದಕ್ಕೆ ಆಮ್ಲಜನಕ ಸಿಗುತ್ತದೆ. ಎರೆ ಮಣ್ಣಿನ ಬಹುಪಾಲು ಜೇಡಿ. ಅದರ ಒಂದೊಂದು ಕಣವೂ ಮಿಲಿಮೀಟರಿನ ಐನೂರನೆಯ ಒಂದು ಭಾಗಕ್ಕಿಂತ ಚಿಕ್ಕದು. ಮೇಲಾಗಿ ಅದರಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ ಹೆಚ್ಚು. ಇದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕುಗಳು ಬೀಳುವುದು ಈ ಕಾರಣಕ್ಕೆ. ಹೊಲಕ್ಕೆ ಆಳವಿದೆ, ಎರೆಹುಳುಗಳಿವೆ, ಬಿರುಕುಗಳ ಮೂಲಕ ಗಾಳಿಯಾಡುತ್ತದೆ. ಕುಂಡದಲ್ಲಿ ಇದಾವುದೂ ಇಲ್ಲ. ಒದ್ದೆಯಾದಾಗ ಅಂಟು, ಒಣಗಿದಾಗ ಕಲ್ಲು. ಕಲ್ಲಾಗುವಾಗ ಸೂಕ್ಷ್ಮ ಬೇರುಗಳನ್ನು ಹರಿದೇ ಕಲ್ಲಾಗುತ್ತದೆ.

ಇನ್ನೊಂದು ಸಂಗತಿಯಿದೆ, ಅದು ಹೆಚ್ಚು ಜನರಿಗೆ ತಿಳಿಯದು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆದುಕೊಳ್ಳುವಂತೆ ಮಣ್ಣೂ ನೀರನ್ನು ಮೇಲಕ್ಕೆಳೆದು ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ ಕುಂಡದ ತೂತಿನಿಂದ ನೀರೆಲ್ಲ ಸೋರಿಹೋದ ಮೇಲೂ ತಳದಲ್ಲಿ ಪೂರ್ತಿ ನೀರು ತುಂಬಿದ ಒಂದು ಪದರ ಉಳಿದೇ ಉಳಿಯುತ್ತದೆ. ಆ ಪದರದ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ಕಣದ ಗಾತ್ರ, ಕುಂಡದ ಆಳವಲ್ಲ. ಕಣ ಸಣ್ಣದಾದಷ್ಟೂ ಪದರ ಎತ್ತರ. ಒಂದಡಿ ಆಳದ ಕುಂಡದಲ್ಲಿ ಎರಡಂಗುಲ ಕೆಸರಿದ್ದರೆ ಬೇರು ಮೇಲಿನ ಹತ್ತಂಗುಲದಲ್ಲಿ ಬದುಕಿಕೊಳ್ಳುತ್ತದೆ. ಎರಡೇ ಅಂಗುಲ ಆಳದ ಬೋನ್ಸಾಯ್ ತಟ್ಟೆಯಲ್ಲಿ? ಮೇಲಿನಿಂದ ಕೆಳಗಿನವರೆಗೂ ಕೆಸರೇ.

ನಂಬಿಕೆಯಾಗದಿದ್ದರೆ ಪಾತ್ರೆ ತಿಕ್ಕುವ ಚಪ್ಪಟೆ ಸ್ಪಂಜೊಂದನ್ನು ತೆಗೆದುಕೊಳ್ಳಿ. ನೀರಿನಲ್ಲಿ ಅದ್ದಿ, ಅಡ್ಡಲಾಗಿ ಅಂಗೈ ಮೇಲಿಟ್ಟು ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಹಿಂಡದೆ, ಸುಮ್ಮನೆ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತಷ್ಟು ನೀರು ಸುರಿಯುತ್ತದೆ! ಸ್ಪಂಜು ಅದೇ, ನಿಂತ ಎತ್ತರ ಮಾತ್ರ ಬೇರೆ. ಕುಂಡದ ತಳಕ್ಕೆ ಜಲ್ಲಿ ಹಾಸಿದರೆ ನೀರು ಬಸಿಯುತ್ತದೆಂಬ ಹಳೆಯ ರೂಢಿಯೂ ಇದರಿಂದಲೇ ತಪ್ಪೆಂದು ತಿಳಿಯುತ್ತದೆ. ಜಲ್ಲಿ ಹಾಸಿದಾಗ ಕೆಸರಿನ ಪದರ ಜಲ್ಲಿಯ ಮೇಲೆ ಕೂರುತ್ತದೆ, ಅಂದರೆ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ತೂತಿಗೆ ಒಂದು ತುಂಡು ಜಾಲರಿ ಹಾಕಿದರೆ ಸಾಕು.

ಬೇರು ಕೊಳೆತ ಗಿಡದ ಎಲೆ ಬಾಡಿ ಜೋತು ಬೀಳುತ್ತದೆ. ನೋಡುವವರಿಗೆ ಅದು ಬಾಯಾರಿಕೆಯಂತೆಯೇ ಕಾಣುತ್ತದೆ. ಅಯ್ಯೋ ಪಾಪವೆಂದು ಅವ್ವ ಇನ್ನೊಂದು ತಂಬಿಗೆ ಸುರಿಯುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಕೆಂಪು ಉಂಡೆ

ಬೋನ್ಸಾಯ್ ಎಂದರೆ ಜಪಾನೀ ಭಾಷೆಯಲ್ಲಿ ‘ತಟ್ಟೆಯಲ್ಲಿ ನೆಟ್ಟದ್ದು’ ಎಂದಷ್ಟೇ ಅರ್ಥ. ಕಲೆಯ ಮೂಲ ಚೀನಾ. ಅದನ್ನು ನಯಗೊಳಿಸಿದ್ದು ಜಪಾನ್. 1923ರ ಭೀಕರ ಭೂಕಂಪದ ನಂತರ ಟೋಕಿಯೋದ ಬೋನ್ಸಾಯ್ ಬೆಳೆಗಾರರು ಒಳ್ಳೆಯ ಮಣ್ಣು, ನೀರು, ಗಾಳಿ ಹುಡುಕಿಕೊಂಡು ಊರು ಬಿಟ್ಟು, 1925ರಲ್ಲಿ ಓಮಿಯಾದಲ್ಲಿ ತಮ್ಮದೇ ಹಳ್ಳಿ ಕಟ್ಟಿಕೊಂಡರು. ಅವರು ಬಳಸುವುದು ಅಕದಾಮ, ಅಂದರೆ ಕೆಂಪು ಉಂಡೆ. ಜ್ವಾಲಾಮುಖಿಯ ಬೂದಿಯಿಂದ ಉಂಟಾದ ಹರಳು ಹರಳಾದ ಜೇಡಿ ಅದು. ಹರಳಿನೊಳಗೆ ನೀರು, ಹರಳುಗಳ ನಡುವೆ ಗಾಳಿ. ಗುಟ್ಟೆಲ್ಲ ಇಷ್ಟೇ. ಜಪಾನಿನಿಂದ ಬರುವ ಅಕದಾಮ ನಮ್ಮಲ್ಲಿಯೂ ದೊರೆಯುತ್ತದೆ. ಆದರೆ ವಿದ್ಯಾರ್ಥಿಗಳ ಕೈಗೆಟುಕುವ ಬೆಲೆಯಲ್ಲ. ಎಟುಕಬೇಕಾದ ಅಗತ್ಯವೂ ಇಲ್ಲ. ಜಪಾನಿನವರು ತಮ್ಮ ಕಾಲ ಕೆಳಗಿನದನ್ನು ಬಳಸಿದರು. ಕೊಪ್ಪಳದವರೂ ಹಾಗೆಯೇ ಮಾಡಬಹುದು.

ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲೊಂದು ಹೆಸರಾಂತ ಬೋನ್ಸಾಯ್ ತೋಟವಿದೆ. ಅದರ ಹೆಸರು ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ. ಕಿಷ್ಕಿಂಧೆಯೆಂದು ಜನ ನಂಬಿಕೊಂಡು ಬಂದಿರುವುದು ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸುತ್ತಲಿನ ಬೆಟ್ಟಗಳನ್ನೇ. ಹೆಸರು ಇಲ್ಲಿಂದ ಅಲ್ಲಿಗೆ ಹೋಗಿದೆ ನಿಜ, ಆದರೆ ಅಲ್ಲಿನ ಮಣ್ಣಿನ ಪಾಕವನ್ನು ಹಾಗೆಯೇ ಇಲ್ಲಿಗೆ ತರುವಂತಿಲ್ಲ. ತಂಪು ಹವೆಯ ಮೈಸೂರೆಲ್ಲಿ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕೊಪ್ಪಳವೆಲ್ಲಿ! ಇಲ್ಲಿನ ಮಿಶ್ರಣ ಬೇಗ ಬಸಿಯಬೇಕು, ಸಂಜೆಯವರೆಗೆ ತೇವವನ್ನೂ ಉಳಿಸಿಕೊಳ್ಳಬೇಕು. ಎರಡೂ ಒಟ್ಟಿಗೆ ಆಗುವುದು ಕಷ್ಟ. ಆದರೂ ಉಪಾಯವುಂಟು.

ನಾಲ್ಕು ಊರಿನ ಸಾಮಾನು

1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದಾಗ ಇದ್ದವು ನಾಲ್ಕೇ ತಾಲ್ಲೂಕು. ಈಗ ಏಳಾಗಿವೆ. ಆ ಹಳೆಯ ನಾಲ್ಕರ ನೆಲವೂ ಒಂದೊಂದು ಬಗೆ, ಅಲ್ಲಿ ಸಿಗುವ ಸಾಮಾನೂ ಒಂದೊಂದು ಬಗೆ. 

ಮೊದಲನೆಯದು ಇಟ್ಟಿಗೆ. ಊರಿನಲ್ಲಿ ಎಲ್ಲಿ ಮನೆ ಕಟ್ಟುತ್ತಿದ್ದರೂ ಒಡೆದ ತುಂಡುಗಳು ಬಿದ್ದಿರುತ್ತವೆ. ಇಟ್ಟಿಗೆ ಎಂದರೆ ಬೆಂದ ಜೇಡಿ. ಒಮ್ಮೆ ಸರಿಯಾಗಿ ಬೆಂದರೆ ಮತ್ತೆ ಕೆಸರಾಗದು, ಆದರೆ ಒಳಗೆ ಸಣ್ಣ ರಂಧ್ರಗಳು ಉಳಿದಿದ್ದು ನೀರು ಹೀರುತ್ತವೆ. ಅಕದಾಮದ ಕೆಲಸವನ್ನು ಇದು ಬಹುಮಟ್ಟಿಗೆ ಮಾಡುತ್ತದೆ, ಅದೂ ಬಿಟ್ಟಿಯಾಗಿ. ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಅರೆಬೆಂದದ್ದು ನೀರಿನಲ್ಲಿ ಕರಗುತ್ತದೆ, ಸುಟ್ಟು ಕಪ್ಪಾಗಿ ಗಾಜಿನಂತಾದದ್ದು ನೀರು ಕುಡಿಯುವುದಿಲ್ಲ. ಒಂದು ತುಂಡನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಬೆಳಿಗ್ಗೆ ಹಿಸುಕಿ ನೋಡಿದರೆ ತಿಳಿಯುತ್ತದೆ. ಸುಣ್ಣ, ಸಿಮೆಂಟು ಮೆತ್ತಿದ ತುಂಡು ಬೇಡ.

ಒಡೆಯುವ ಕೆಲಸ ದೊಡ್ಡವರದ್ದು. ತುಂಡನ್ನು ನೆನೆಸಿ, ಗೋಣಿಚೀಲದಲ್ಲಿ ಸುತ್ತಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಸುತ್ತಿಗೆಯಿಂದ ಕುಟ್ಟಬೇಕು. ಇಟ್ಟಿಗೆಯ ಒಣ ಧೂಳು ಎದೆಗೆ ಒಳ್ಳೆಯದಲ್ಲ. ಅಳತೆಗೆ ಯಾವ ಉಪಕರಣವೂ ಬೇಡ, ಮನೆಯ ಕಾಳೇ ಸಾಕು: ಸಜ್ಜೆಗಿಂತ ಸಣ್ಣದು ಬೇಡ, ಕಡಲೆಗಿಂತ ದೊಡ್ಡದು ಬೇಡ. ಜೋಳದ ಗಾತ್ರದ್ದು ಅತ್ಯುತ್ತಮ. ಎರಡು ಬಗೆಯ ಜರಡಿಯಲ್ಲಿ ಹಾಯಿಸಿದರೆ ಇದು ಸಿಗುತ್ತದೆ (ಹಿಟ್ಟಿನ ಜರಡಿಯನ್ನು ಮುಟ್ಟಿದರೆ ಅಡುಗೆಮನೆಯಲ್ಲಿ ಯುದ್ಧವಾದೀತು, ಬೇರೆಯದನ್ನೇ ಇಟ್ಟುಕೊಳ್ಳಿ). ಜರಡಿ ಹಿಡಿಯುವುದೇ ಈ ಕಲೆಯ ಅರ್ಧ ಭಾಗ ಎಂದರೂ ತಪ್ಪಿಲ್ಲ. ಎಂಥ ಉತ್ತಮ ಸಾಮಾನಾದರೂ ಪುಡಿ ಉಳಿದರೆ ಅದು ಸಂದುಗಳಲ್ಲಿ ಕೂತು ಎಲ್ಲವನ್ನೂ ಕೆಡಿಸುತ್ತದೆ.

ಎರಡನೆಯದು ಕಲ್ಲಿನ ಹರಳು. ಕುಷ್ಟಗಿ, ಇಳಕಲ್ ಸೀಮೆಯ ನಸುಗೆಂಪು ಗ್ರಾನೈಟ್ ದೂರದೂರದ ಊರುಗಳಿಗೆ ಹೋಗುತ್ತದೆ. ಅದರ ಚೂರು ಇಲ್ಲಿಯೇ ಉಳಿಯುತ್ತದೆ. ಇದು ನೀರು ಹೀರುವುದಿಲ್ಲ, ಆದರೆ ಸಂದು ಬಿಡಿಸಿ ಗಾಳಿಗೆ ದಾರಿ ಮಾಡುತ್ತದೆ, ಕುಂಡಕ್ಕೆ ತೂಕವನ್ನೂ ಕೊಡುತ್ತದೆ. ಚೆನ್ನಾಗಿ ತೊಳೆದು ಬಳಸಬೇಕು. ಇದು ಸಿಗದಿದ್ದರೆ ದಪ್ಪ ಉಸುಕು ಆದೀತು, ಗಾರೆ ಕೆಲಸದವರು ಸೋಸಿ ಬದಿಗೆ ಹಾಕಿದ್ದನ್ನು ಕೇಳಿ ತಂದರೆ ಸಾಕು. ಒಂದು ಕುಂಡಕ್ಕಾಗಿ ಹೊಳೆಗಿಳಿಯುವುದು ಬೇಡ. ತುಂಗಭದ್ರೆಯ ಉಸುಕಿಗೆ ಈಗಾಗಲೇ ಬೇಕಾದಷ್ಟು ಗಿರಾಕಿಗಳಿದ್ದಾರೆ.

ಮೂರನೆಯದು ಗಂಗಾವತಿಯದು. ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಸೀಮೆ ಭತ್ತದ ಕಣಜವಾಯಿತು, ಜೊತೆಗೇ ಅಕ್ಕಿ ಗಿರಣಿಗಳು ಬಂದವು. 100 ಕಿಲೋ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು. ಅದನ್ನು ಪೂರ್ತಿ ಸುಟ್ಟರೆ ಉಳಿಯುವುದು ಸುಮಾರು 4 ಕಿಲೋ ಬೂದಿ, ಬಹುಪಾಲು ಸಿಲಿಕಾ. ಈ ಬಿಳಿಚಿದ ಬೂದಿ ನಮಗೆ ಬೇಡ, ಅದು ತೀರ ನುಣುಪು. ಬೇಕಾದದ್ದು ಅರ್ಧ ಸುಟ್ಟು ಕಪ್ಪಾಗಿ, ಇನ್ನೂ ಹೊಟ್ಟಿನ ಆಕಾರವನ್ನೇ ಉಳಿಸಿಕೊಂಡಿರುವುದು. ಹಗುರವಾದ ಈ ಕರಿಹೊಟ್ಟು ನೀರನ್ನೂ ಗಾಳಿಯನ್ನೂ ಹಿಡಿಯುತ್ತದೆ. ಕ್ಷಾರದ ಗುಣವಿರುವುದರಿಂದ ಎರಡು ಮೂರು ನೀರಿನಲ್ಲಿ ತೊಳೆಯಬೇಕು. 

ಉಳಿದದ್ದು ಗೊಬ್ಬರ ಮತ್ತು ಚೂರು ಮಸಾರಿ. ತಿಪ್ಪೆಯ ಗೊಬ್ಬರ ಕನಿಷ್ಠ ವರ್ಷ ಹಳೆಯದಾಗಿ ವಾಸನೆ ಬಿಟ್ಟಿರಬೇಕು. ಹಸಿ ಸೆಗಣಿ ಬೇರನ್ನು ಸುಡುತ್ತದೆ. ಕೆಂಪು ಮಸಾರಿ ಮಣ್ಣು ಎರೆಯಂತೆ ಉಬ್ಬುವುದಿಲ್ಲ, ಹಾಗಾಗಿ ಒಂದು ಪಾಲು ಇದ್ದರೆ ಅಡ್ಡಿಯಿಲ್ಲ. ಇನ್ನು ಯಲಬುರ್ಗಾದ ಎರೆ? ಪೋಷಕಾಂಶ ಹಿಡಿದಿಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ ನಿಜ, ಆದರೆ ತಟ್ಟೆಯ ಕುಂಡಕ್ಕೆ ಅದನ್ನು ದೂರವಿಡುವುದೇ ಜಾಣತನ. ಹೊಲದ ರಾಜ ಹೊಲದಲ್ಲೇ ಇರಲಿ.

ಆಲ, ಅರಳಿ, ಬಸರಿ, ಅತ್ತಿಗಳಿಗೆ ಹೀಗೆ ಆರಂಭಿಸಬಹುದು: ಇಟ್ಟಿಗೆ ಹರಳು 4 ಪಾಲು, ಕಲ್ಲಿನ ಹರಳು 2, ಗೊಬ್ಬರ 2, ಕರಿಹೊಟ್ಟು 1, ಮಸಾರಿ 1. ಕಾಗದದ ಹೂವಿನ ಗಿಡಕ್ಕೆ ಗೊಬ್ಬರ ಒಂದು ಪಾಲು ಇಳಿಸಿ ಕಲ್ಲು ಏರಿಸಬೇಕು. ಈ ಭಾಗದ ರೈತರ ಪ್ರೀತಿಯ ದಾಳಿಂಬೆಗೆ ಮೊದಲಿನ ಲೆಕ್ಕವೇ ಸರಿ. ಗವಿಮಠದ ಬಂಡೆಯ ಮೇಲಿರುವ ಅಶೋಕನ ಶಾಸನದಂತೆ ಇದೇನೂ ಕಲ್ಲಿನಲ್ಲಿ ಕೊರೆದದ್ದಲ್ಲ. ಮನೆಯ ಬಿಸಿಲು, ನೀರು ಹಾಕುವವರ ಅಭ್ಯಾಸ ನೋಡಿಕೊಂಡು ಬದಲಿಸಬೇಕು. ದಿನಕ್ಕೆ ಎರಡು ಸಲ ನೀರು ಹಾಕಲು ಪುರುಸೊತ್ತಿಲ್ಲದ ಮನೆಯಲ್ಲಿ ಕಲ್ಲಿನ ಒಂದು ಪಾಲು ಕಳೆದು ಇಟ್ಟಿಗೆಗೆ ಸೇರಿಸಬಹುದು.

ಅಳೆದು ನೋಡಿ

ಮಿಶ್ರಣ ಸರಿಯಾಗಿದೆಯೇ ಎಂದು ಯಾರನ್ನೂ ಕೇಳಬೇಕಿಲ್ಲ, ನೀರೇ ಹೇಳುತ್ತದೆ. ಖಾಲಿ ಕುಂಡದ ತೂತುಗಳನ್ನು ಮೇಣದಿಂದ ಮುಚ್ಚಿ, ಅದಕ್ಕೆ ಎಷ್ಟು ನೀರು ಹಿಡಿಯುತ್ತದೆಂದು ಅಳೆದು ಬರೆದುಕೊಳ್ಳಿ. ನೀರು ಚೆಲ್ಲಿ ಮಿಶ್ರಣ ತುಂಬಿ, ಮೇಲ್ಮೈ ಸಮಕ್ಕೆ ಬರುವವರೆಗೆ ನಿಧಾನವಾಗಿ ನೀರು ಹಾಕಿ. ಇಟ್ಟಿಗೆ ಕುಡಿಯಲು ಅರ್ಧ ಗಂಟೆ ಬಿಟ್ಟು ಮತ್ತೆ ತುಂಬಿಸಿ. ಈಗ ತೂತು ತೆರೆದು, ಕೆಳಗೆ ಸುರಿದ ನೀರನ್ನೆಲ್ಲ ಹಿಡಿದು ಅಳೆಯಿರಿ. ಒಂದು ಲೀಟರ್ ಹಿಡಿಯುವ ಕುಂಡದಿಂದ 200 ಮಿಲಿಲೀಟರ್ ಹೊರಬಂದರೆ ಅಷ್ಟು ಜಾಗದಲ್ಲಿ ಈಗ ಗಾಳಿ ತುಂಬಿತು, ಅಂದರೆ ಶೇಕಡಾ 20. ಶೇಕಡಾ 15ರಿಂದ 25ರೊಳಗಿದ್ದರೆ ನೆಮ್ಮದಿ. ಎರೆಯೊಂದನ್ನೇ ತುಂಬಿದ ಕುಂಡ, ಮಸಾರಿಯೊಂದನ್ನೇ ತುಂಬಿದ ಕುಂಡ, ಮಿಶ್ರಣದ ಕುಂಡ, ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆದರೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬೇರೆ ಮಾದರಿ ಹುಡುಕಬೇಕಿಲ್ಲ. ಬಸಿದ ಕುಂಡವನ್ನು ತಕ್ಕಡಿಯಲ್ಲಿಟ್ಟು ಬೆಳಿಗ್ಗೆ, ಸಂಜೆ ತೂಗಿದರೆ ದಿನಕ್ಕೆಷ್ಟು ನೀರು ಆವಿಯಾಯಿತೆಂಬ ಲೆಕ್ಕವೂ ಸಿಗುತ್ತದೆ.

ನೀರಿನದೂ ಒಂದು ಮಾತು. ಜಿಲ್ಲೆಯ ಬಹಳಷ್ಟು ಕೊಳವೆಬಾವಿಗಳ ನೀರು ಗಡುಸು. ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿದರೆ ಅದೇ ಗುರುತು. ಆಗಾಗ ಧಾರಾಳವಾಗಿ ನೀರು ಹಾಕಿ ಉಪ್ಪನ್ನು ತೊಳೆದು ಹೊರಡಿಸಬೇಕು. ಚೆನ್ನಾಗಿ ಬಸಿಯುವ ಮಿಶ್ರಣದಲ್ಲಿ ಮಾತ್ರ ಇದು ಸಾಧ್ಯ. ಮಾಳಿಗೆಯ ಮಳೆನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು.

ಕುಬ್ಜ ಮರ ಮನೆಯಲ್ಲಿದ್ದರೆ ಮನೆಯ ಏಳಿಗೆ ಕುಗ್ಗುತ್ತದೆಂದು ಹೇಳುವ ಹಿರಿಯರಿದ್ದಾರೆ. ಗಿಡವನ್ನು ಉಪವಾಸ ಕೆಡವಿ ಕುಳ್ಳಗಿಡುತ್ತಾರೆ ಎಂಬ ಕಲ್ಪನೆ ಇದರ ಹಿಂದಿರಬಹುದು. ಆದರೆ ಮರವನ್ನು ಚಿಕ್ಕದಾಗಿಡುವುದು ಕತ್ತರಿ, ಹಸಿವಲ್ಲ. 1625ರಿಂದ ಕುಂಡದಲ್ಲಿ ಬೆಳೆಸಲಾಗುತ್ತಿರುವ ಪೈನ್ ಮರವೊಂದು 1945ರಲ್ಲಿ ಹಿರೋಷಿಮಾದ ಅಣುಬಾಂಬಿಗೂ ಬದುಕುಳಿದು, 1976ರಲ್ಲಿ ಕಾಣಿಕೆಯಾಗಿ ಅಮೆರಿಕಕ್ಕೆ ಹೋಯಿತು. ಇಂಥ ಮರಗಳ ಬೇರು ಸವರಿ ಆಗಾಗ ಮಣ್ಣು ಬದಲಿಸುತ್ತಲೇ ಇರುತ್ತಾರೆ. ಉಪವಾಸದಲ್ಲಿ ಯಾವ ಮರ ಅಷ್ಟು ಕಾಲ ಬಾಳೀತು?

ಸಸಿಗಾಗಿ ಹಣ ಕೊಡಬೇಕಿಲ್ಲ. ಮಾಳಿಗೆಯ ಬಿರುಕಿನಲ್ಲಿ, ಬಚ್ಚಲ ಗೋಡೆಯಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಹುಟ್ಟಿದ ಅರಳಿ, ಆಲದ ಸಸಿಗಳನ್ನು ಹೇಗೂ ಕೀಳಲೇಬೇಕು. ಕೋಟೆ, ಗುಡಿಗಳ ಗೋಡೆಗೆ ಮಾತ್ರ ಕೈ ಹಾಕಬೇಡಿ. ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದು ಹವೆ ತಂಪಾದ ಮೇಲೆ ನೆಡುವುದು ಕ್ಷೇಮ. ಎರಡು ವರ್ಷಕ್ಕೊಮ್ಮೆ ಅದೇ ಹೊತ್ತಿಗೆ ಗಿಡ ಎತ್ತಿ, ಸುತ್ತಿಕೊಂಡ ಬೇರನ್ನು ಮೂರನೆಯ ಒಂದು ಭಾಗ ಸವರಿ ಮತ್ತೆ ಕೂರಿಸಬೇಕು. ಹಳೆಯ ಮಿಶ್ರಣವನ್ನು ಚೆಲ್ಲಬೇಡಿ. ಬಿಸಿಲಿನಲ್ಲಿ ಒಣಗಿಸಿ ಜರಡಿ ಹಿಡಿದರೆ ಇಟ್ಟಿಗೆ, ಕಲ್ಲು ಎರಡೂ ಮರಳಿ ಸಿಗುತ್ತವೆ. ಗೊಬ್ಬರ, ಹೊಟ್ಟು, ಮಸಾರಿ ಮಾತ್ರ ಹೊಸದಾಗಿ ಸೇರಿಸಿದರೆ ಸಾಕು.