ಎರಡು ಮಳೆಗಾಲಗಳ ನಡುವೆ ಅಡಿಕೆ ತೋಟ

ಕಾರು, ಮುಂಗಾರು, ಹಿಂಗಾರು

ಮುಂಗಾರು, ಹಿಂಗಾರು ಎಂಬ ಎರಡು ಪದಗಳಲ್ಲಿಯೂ ಇರುವ ‘ಕಾರ್’ ಎಂಬುದು ಕಪ್ಪು, ಕರಿಮೋಡ, ಮಳೆಗಾಲ ಎಂಬ ಅರ್ಥಗಳುಳ್ಳ ಪ್ರಾಚೀನ ದ್ರಾವಿಡ ಪದ. ತಮಿಳಿನ ಆರು ಋತುಗಳಲ್ಲಿ ಒಂದಕ್ಕೆ ಇದೇ ಹೆಸರಿದ್ದು, ಆವಣಿ ಮತ್ತು ಪುರಟ್ಟಾಸಿ ತಿಂಗಳುಗಳು ಅದಕ್ಕೆ ಸೇರುತ್ತವೆ. ಕನ್ನಡವಾದರೋ ಅದೇ ಪದದ ಮುಂದೆ ‘ಮುನ್’, ‘ಪಿನ್’ ಎಂಬ ರೂಪಗಳನ್ನಿರಿಸಿ ವರ್ಷದ ಮಳೆಯನ್ನು ಎರಡು ಪಾಲಾಗಿ ಕಂಡಿದೆ. ಈ ವಿಭಾಗದ ಹಿಂದೆ ಭೂಗೋಳದ ಒಂದು ಸತ್ಯವಿದೆ. ಕನ್ನಡ ನಾಡು ಎರಡು ಕಡಲುಗಳ ಮಳೆಯನ್ನು ಪಡೆಯುವ ನಾಡು. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ, ಅನಂತರ ಈಶಾನ್ಯದಿಂದ.

ಚೆನ್ನೈ ನಗರದ ಉತ್ತರಕ್ಕಿರುವ ಕಾಸಿಮೇಡಿನ ಮೀನುಗಾರಿಕೆ ಬಂದರಿನಲ್ಲಿ ಮಳೆಗಾಲವೆಂದರೆ ಮುಖ್ಯವಾಗಿ ಈಶಾನ್ಯ ಮಾರುತದ ಕಾಲ. ಆ ನಗರದ ವಾರ್ಷಿಕ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳುಗಳಲ್ಲಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಕಾಸಿಮೇಡಿನ ದೋಣಿಗಳು ಕಡಲಿಗಿಳಿಯದೆ ದಡದಲ್ಲಿ ನಿಲ್ಲುತ್ತವೆ. ಅದೇ ಕುಸಿತ ಒಳನಾಡನ್ನು ದಾಟಿ ಪಶ್ಚಿಮಕ್ಕೆ ಸರಿದಾಗ, ನೂರಾರು ಕಿಲೋಮೀಟರ್ ದೂರದ ಪುತ್ತೂರು, ಸುಳ್ಯ, ಕಾಸರಗೋಡುಗಳ ಅಂಗಳಗಳಲ್ಲಿ ಒಣಗಲು ಹರಡಿದ ಅಡಿಕೆ ತೋಯುತ್ತದೆ. ಕಡಲಿನ ಕೆಲಸಕ್ಕೂ ತೋಟದ ಕೆಲಸಕ್ಕೂ ಹೀಗೆ ಒಂದು ಕಾಣದ ನಂಟಿದೆ. ಮೊದಲಿನವರಿಗೆ ಅಡ್ಡಿಯಾಗುವ ಮಳೆ ಅವರ ಋತುವಿನ ಮಳೆಯೇ ಆಗಿದೆ. ಎರಡನೆಯವರಿಗೆ ಅದು ಋತು ತಪ್ಪಿ ಬಂದ ಮಳೆ. ಮಳೆಯ ಪ್ರಮಾಣಕ್ಕಿಂತಲೂ ಅದು ಬರುವ ಹೊತ್ತು ಹೇಗೆ ತೋಟಿಗನ ಬದುಕನ್ನು ನಿರ್ಧರಿಸುತ್ತದೆ, ಆ ಹೊತ್ತು ಕದಲಿದಾಗ ಅದರೊಡನೆ ಯಾವ ತಿಳಿವಳಿಕೆ ಕದಲುತ್ತದೆ ಎಂಬುದು ಇಲ್ಲಿನ ವಿಚಾರ.

ನಕ್ಷತ್ರಗಳ ಪಂಚಾಂಗ, ತೋಟದ ಪಂಚಾಂಗ

ಕನ್ನಡ ರೈತನು ಮಳೆಯನ್ನು ತಿಂಗಳ ಹೆಸರಿನಿಂದ ಗುರುತಿಸಿದವನಲ್ಲ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಅವಧಿಯೇ ಅವನ ಅಳತೆಗೋಲು. ಮೇ ತಿಂಗಳ ಕೊನೆಯ ವಾರದಲ್ಲಿ ರೋಹಿಣಿ, ಜೂನ್ ಎಂಟರ ಸುಮಾರಿಗೆ ಮೃಗಶಿರಾ, ಜೂನ್ ಇಪ್ಪತ್ತೆರಡರ ಸುಮಾರಿಗೆ ಆರಿದ್ರಾ, ಅನಂತರ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಎಂದು ಎಣಿಕೆ ಸಾಗಿ, ಸ್ವಾತಿ ವಿಶಾಖೆಗಳ ಹೊತ್ತಿಗೆ ಮಳೆಯ ಲೆಕ್ಕ ಸಾಮಾನ್ಯವಾಗಿ ಮುಗಿಯುತ್ತದೆ. ಬಯಲುಸೀಮೆಯಲ್ಲಿ ಈ ಹೆಸರುಗಳಿಗೆ ಬಿತ್ತನೆಯ ಸಂಬಂಧವಿದ್ದರೆ, ಮಲೆನಾಡು ಕರಾವಳಿಗಳಲ್ಲಿ ಇವುಗಳಿಗೆ ಅಡಿಕೆ ತೋಟದ ಸಂಬಂಧವಿದೆ.

ಅಡಿಕೆ ಮರ ಫಲಕ್ಕೆ ಬರಲು ಐದಾರು ವರ್ಷಗಳು ಬೇಕು. ಬಂದ ಮೇಲೆ ಹಲವು ದಶಕಗಳ ಕಾಲ ಅದು ನಿಂತಿರುತ್ತದೆ. ಬೇಸಗೆಯಲ್ಲಿ ಸಿಂಗಾರ ಒಡೆದು, ಎಳೆಗಾಯಿ ಕಟ್ಟಿ, ಮಳೆಗಾಲವಿಡೀ ಬಲಿಯುತ್ತ ಹೋಗುವ ಗೊನೆಯನ್ನು ಮಲೆನಾಡಿನಲ್ಲಿ ಕಾಯಿ ಹಸಿರಾಗಿರುವಾಗಲೇ ಕೊಯ್ದು, ಸುಲಿದು, ಚೊಗರಿನಲ್ಲಿ ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಹಸ, ಬೆಟ್ಟೆ, ರಾಶಿ ಎಂಬ ಪ್ರಭೇದಗಳು ಕಾಯಿಯ ಬಲಿತವನ್ನು ಅನುಸರಿಸಿ ಹುಟ್ಟಿದವು. ಕರಾವಳಿಯಲ್ಲಿ ಕಾಯಿ ಹಣ್ಣಾಗುವವರೆಗೆ ಕಾದು, ಸಿಪ್ಪೆಯೊಡನೆ ಸುಮಾರು ನಲವತ್ತು ದಿನಗಳ ಕಾಲ ಬಿಸಿಲಿನಲ್ಲಿ ಒಣಗಿಸಿ ಚಾಲಿ ಮಾಡುವರು. ಈ ಎರಡು ಕ್ರಮಗಳಲ್ಲಿಯೂ ವರ್ಷದ ದುಡಿಮೆ ಮೂರು ಸಂಧಿಗಳನ್ನು ಅವಲಂಬಿಸಿದೆ. ಮಳೆ ಹಿಡಿಯುವ ಮೊದಲು ಗೊನೆಗಳಿಗೆ ರಕ್ಷಣೆ ಒದಗಬೇಕು. ಮಳೆಯ ನಡುವೆ ಒಂದು ಹೊಳವು ದೊರೆಯಬೇಕು. ಕೊಯ್ಲಿನ ಅನಂತರ ಬಿಸಿಲು ತಪ್ಪದೆ ಬರಬೇಕು. ಒಟ್ಟು ಮಳೆ ಎಷ್ಟು ಇಂಚು ಎಂಬ ಲೆಕ್ಕದಲ್ಲಿ ಈ ಮೂರೂ ಕಾಣಿಸುವುದಿಲ್ಲ ಎಂಬುದು ಗಮನಾರ್ಹ.

ಕೊಳೆರೋಗ: ಒಂದು ಕನ್ನಡ ಪದದ ಪಯಣ

ಈ ಸಂಧಿಗಳಲ್ಲಿ ಮೊದಲನೆಯದರ ಮಹತ್ವ ಕೊಳೆರೋಗದಿಂದ ತಿಳಿಯುತ್ತದೆ. ಕಾಸರಗೋಡು ದಕ್ಷಿಣ ಕನ್ನಡಗಳಲ್ಲಿ ಇದಕ್ಕೆ ಮಹಾಳಿ ಎಂಬ ಹೆಸರೂ ಉಂಟು. ಎಡೆಬಿಡದ ಮಳೆ, ತಂಪು ಹವೆ, ಗಾಳಿಯಲ್ಲಿ ತುಂಬಿದ ತೇವ, ನಡುನಡುವೆ ಇಣುಕುವ ಬಿಸಿಲು ಇವು ಒಟ್ಟುಗೂಡಿದಾಗ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಎಳೆಗಾಯಿಯ ತೊಟ್ಟಿನ ಬಳಿ ನೀರು ಹಿಡಿದಂಥ ಕಲೆಯನ್ನು ಮೂಡಿಸುತ್ತದೆ. ಕೆಲವೇ ದಿನಗಳಲ್ಲಿ ಕಾಯಿಗಳು ಬೂಷ್ಟು ಹಿಡಿದು ನೆಲಕ್ಕುದುರುತ್ತವೆ. ಒಂದು ಗೊನೆಯಿಂದ ಇನ್ನೊಂದಕ್ಕೆ ಮಳೆಹನಿ ಮತ್ತು ಗಾಳಿಯೇ ಅದನ್ನು ಒಯ್ಯುತ್ತವೆ.

‘ಕೊಳೆರೋಗ’ ಎಂಬ ಪದ ವಿಜ್ಞಾನದ ಪರಿಭಾಷೆಯನ್ನು ಪ್ರವೇಶಿಸಿದ ಬಗೆ ಕನ್ನಡ ವಿದ್ಯಾರ್ಥಿಗಳಿಗೆ ಆಸಕ್ತಿಯ ವಿಷಯ. ಮೈಸೂರಿನ ಕಾಫಿ ಎಲೆಗಳನ್ನು ಕೊಳೆಯಿಸುತ್ತಿದ್ದ ಬೇರೊಂದು ಶಿಲೀಂಧ್ರಕ್ಕೆ 1876ರಲ್ಲಿ ಎಂ. ಸಿ. ಕುಕ್ ಎಂಬ ಆಂಗ್ಲ ವಿಜ್ಞಾನಿ ‘ಪೆಲ್ಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟನು. ತೋಟದವರ ಆಡುಮಾತು ಹೀಗೆ ಲ್ಯಾಟಿನ್ ಹೆಸರಿನ ಉತ್ತರಪದವಾಯಿತು. ಅಡಿಕೆಯ ಕೊಳೆರೋಗವನ್ನು ವ್ಯವಸ್ಥಿತವಾಗಿ ಅಧ್ಯಯನ ಮಾಡಿದವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾದ ಲೆಸ್ಲಿ ಕೋಲ್ಮನ್. 1910ರಲ್ಲಿ ಪ್ರಕಟವಾದ ಅವರ ವರದಿಯು ರೋಗಕಾರಕವನ್ನು ಗುರುತಿಸಿತು. ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣ ಮಲೆನಾಡಿನ ತೋಟಗಳಿಗೆ ಬಂದುದು ಅವರ ಪ್ರಯತ್ನದಿಂದ.

ಅದಕ್ಕೂ ಮೊದಲು ತೋಟಿಗರಿಗೆ ಗೊತ್ತಿದ್ದ ಉಪಾಯ ಕೊಟ್ಟೆ ಕಟ್ಟುವುದು. ಗೊನೆಯ ಮೇಲೆ ಮಳೆನೀರು ನೇರವಾಗಿ ಬೀಳದಂತೆ ಅಡಿಕೆ ಹಾಳೆಯಂಥ ವಸ್ತುಗಳಿಂದ ಹೊದಿಕೆ ಮಾಡುವ ಈ ಪದ್ಧತಿ ರೋಗದ ಕಾರಣವನ್ನು ಸೂಕ್ಷ್ಮದರ್ಶಕವಿಲ್ಲದೆಯೇ ಊಹಿಸಿತ್ತು. ಕೊಟ್ಟೆಯಾಗಲಿ ಬೋರ್ಡೋ ಆಗಲಿ, ಎರಡಕ್ಕೂ ಒಂದೇ ನಿಬಂಧನೆ: ಮಳೆ ಹಿಡಿಯುವ ಮೊದಲೇ ಕೆಲಸ ಮುಗಿದಿರಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ದ್ರಾವಣದ ಮೊದಲ ಸಿಂಪಡಣೆ ಮುಂಗಾರಿನ ಹೊಸ್ತಿಲಲ್ಲಿ, ಎರಡನೆಯದು ನಲವತ್ತು ನಲವತ್ತೈದು ದಿನಗಳ ತರುವಾಯ ಎಂಬುದು ರೂಢಿಯಲ್ಲಿರುವ ಶಿಫಾರಸು. ನಕ್ಷತ್ರದ ಲೆಕ್ಕದಲ್ಲಿ ಹೇಳುವುದಾದರೆ, ರೋಹಿಣಿಯಲ್ಲಿ ಮೊದಲನೆಯದು ಮುಗಿದರೆ ಪುನರ್ವಸು ಪುಷ್ಯಗಳ ನಡುವಣ ಹೊಳವಿನಲ್ಲಿ ಎರಡನೆಯದು. ದ್ರಾವಣ ಗೊನೆಗೆ ಅಂಟಿ ಒಣಗಲು ಕೆಲವು ಗಂಟೆಗಳ ಬಿಡುವಾದರೂ ಬೇಕು. ಒದ್ದೆ ಮರವನ್ನೇರುವುದು ಪ್ರಾಣಾಪಾಯದ ಕೆಲಸವೂ ಹೌದು.

ಒಂದು ನಕ್ಷತ್ರದ ಅಂತರ

ಕೇರಳದ ಕರಾವಳಿಗೆ ಮುಂಗಾರು ತಲಪುವ ವಾಡಿಕೆಯ ದಿನ ಜೂನ್ 1. ಭಾರತೀಯ ಹವಾಮಾನ ಇಲಾಖೆ 2023ರಲ್ಲಿ ಈ ಪ್ರವೇಶವನ್ನು ಜೂನ್ 8ರಂದು ಘೋಷಿಸಿತು. 2025ರಲ್ಲಿ ಮೇ 24ರಂದೇ ಘೋಷಿಸಿತು. 2009ರ ಅನಂತರ ಮುಂಗಾರು ಇಷ್ಟು ಬೇಗ ಬಂದುದು ಅದೇ ಮೊದಲು. ಎರಡು ವರ್ಷಗಳ ಅಂತರದಲ್ಲಿ ಬಂದ ಈ ಎರಡು ದಿನಾಂಕಗಳ ನಡುವೆ ಹದಿನೈದು ದಿನಗಳಿವೆ. ಒಂದು ವರ್ಷ ಮುಂಗಾರು ಮೃಗಶಿರಾ ಕಾಲಿಡುವ ಹೊತ್ತಿಗೆ, ಮತ್ತೊಂದು ವರ್ಷ ಕೃತ್ತಿಕಾ ಮುಗಿಯುವ ಮುನ್ನವೇ ಬಂದಿತು. ಇಡೀ ರೋಹಿಣಿ ನಕ್ಷತ್ರ, ಎಂದರೆ ಮೊದಲ ಸಿಂಪಡಣೆಯ ಪರಂಪರಾಗತ ಕಾಲಾವಕಾಶ, ಈ ಎರಡರ ನಡುವೆ ಸಿಕ್ಕಿಕೊಂಡಿದೆ. ಹವಾಮಾನ ಮಾಪನದಲ್ಲಿ ಹದಿನೈದು ದಿನ ದೊಡ್ಡ ವ್ಯತ್ಯಾಸವಾಗಿ ತೋರದಿರಬಹುದು. ರೋಹಿಣಿಯನ್ನು ನಂಬಿ ಮೈಲುತುತ್ತ ತಂದಿಟ್ಟವನಿಗೆ ಅದು ವರ್ಷದ ಫಸಲು.

ಇದರ ಸಾಮಾಜಿಕ ಮುಖವನ್ನೂ ಮರೆಯುವಂತಿಲ್ಲ. ಮಲೆನಾಡಿನಲ್ಲಿ ಮರವೇರಿ ಔಷಧಿ ಹೊಡೆಯುವ, ಕೊನೆ ಕೊಯ್ಯುವ ಕುಶಲಿಗೆ ‘ಕೊನೆಗೌಡ’ ಎಂಬ ಹೆಸರಿದೆ. ಒಬ್ಬ ಕೊನೆಗೌಡ ಹಲವು ತೋಟಗಳಿಗೆ ಸರದಿಯಂತೆ ಹೋಗುವನು. ಹೊಳವು ಹದಿನೈದು ದಿನವಿದ್ದಾಗ ಈ ಸರದಿ ನಡೆಯುತ್ತದೆ. ಮೂರು ದಿನಕ್ಕೆ ಕುಗ್ಗಿದಾಗ ಎಲ್ಲ ತೋಟಗಳಿಗೂ ಅವನು ಒಂದೇ ದಿನ ಬೇಕಾಗುತ್ತಾನೆ. ಆಗ ಸರದಿಯ ಕೊನೆಯಲ್ಲಿ ಉಳಿಯುವುದು ಸಾಮಾನ್ಯವಾಗಿ ಅರ್ಧ ಎಕರೆ, ಒಂದು ಎಕರೆಯ ಚಿಕ್ಕ ಹಿಡುವಳಿದಾರ. 2013 ಮತ್ತು 2018ರ ಮಳೆಗಾಲಗಳಲ್ಲಿ ಮಲೆನಾಡು ಕರಾವಳಿಗಳೆರಡರಲ್ಲಿಯೂ ಕೊಳೆರೋಗ ವ್ಯಾಪಕವಾಗಿ ಹಾನಿಮಾಡಿದಾಗ, ಬಿಡುವಿಲ್ಲದ ಮಳೆ ಎರಡನೆಯ ಸಿಂಪಡಣೆಗೆ ಎಡೆಗೊಡದಿದ್ದುದೇ ದೊಡ್ಡ ತೊಡಕಾಯಿತು.

ಮಳೆ ಇಲ್ಲದಿರುವಿಕೆಯೂ ಇದೇ ಪಲ್ಲಟದ ಮತ್ತೊಂದು ಮುಖ. 2023ರ ಆಗಸ್ಟ್ ತಿಂಗಳು 1901ರಿಂದೀಚೆಗೆ ಇಡೀ ದೇಶಕ್ಕೆ ಅತ್ಯಂತ ಒಣ ಆಗಸ್ಟ್ ಆಗಿತ್ತು. ಆ ವರ್ಷ ಕರ್ನಾಟಕ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ನೀರಿನ ಕೊರತೆಯ ಬಳಿಕ ಒಮ್ಮೆಲೇ ಸುರಿದ ಮಳೆಗೆ ಕಾಯಿ ಒಡೆಯುವುದು, ಇಳಿಹೊತ್ತಿನ ನೈಋತ್ಯದ ಬಿಸಿಲಿಗೆ ಕಾಂಡ ಬಿರಿಯುವುದು ತೋಟಿಗರಿಗೆ ಹೊಸದಲ್ಲ. ಅದಕ್ಕಾಗಿಯೇ ನೆಡುವ ಸಾಲನ್ನು ಉತ್ತರದಿಂದ ಪಶ್ಚಿಮಕ್ಕೆ ಮೂವತ್ತೈದು ಡಿಗ್ರಿ ಓರೆಯಾಗಿಸುವ, ಕಾಂಡಕ್ಕೆ ಹಾಳೆ ಸುತ್ತುವ ಅಥವಾ ಸುಣ್ಣ ಬಳಿಯುವ ಕ್ರಮಗಳಿವೆ. ಆದರೆ ಕೊಳವೆಬಾವಿಯನ್ನು ನಂಬಿ ಚನ್ನಗಿರಿಯಂಥ ಬಯಲು ತಾಲ್ಲೂಕುಗಳಿಗೂ ಅಡಿಕೆ ಹಬ್ಬಿರುವುದರಿಂದ ಬರದ ಪೆಟ್ಟು ಹಿಂದಿಗಿಂತ ಹೆಚ್ಚು ತೋಟಗಳನ್ನು ಮುಟ್ಟುತ್ತಿದೆ. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರ ಕಡೆಗಳಲ್ಲಿ ಈಚಿನ ವರ್ಷಗಳಲ್ಲಿ ಉಲ್ಬಣಿಸಿರುವ ಎಲೆಚುಕ್ಕಿ ರೋಗಕ್ಕೂ ದೀರ್ಘಕಾಲ ಉಳಿಯುವ ತೇವವೇ ಪೋಷಕ.

ಹೆಸರಿಲ್ಲದ ಮಳೆ

ಮೂರನೆಯ ಸಂಧಿಯಾದ ಒಣಗಿಸುವ ಕಾಲದಲ್ಲಿ ಬಂಗಾಳ ಕೊಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. 2021ರ ನವೆಂಬರ್ ತಿಂಗಳಲ್ಲಿ ಚೆನ್ನೈ ನಗರವನ್ನು ಮುಳುಗಿಸಿದ ಮಳೆಯೇ ಕರ್ನಾಟಕದಲ್ಲಿ ಕೊಯ್ಲಿಗೆ ಬಂದ ಭತ್ತ, ಕಾಫಿ, ಅಡಿಕೆಗಳಿಗೂ ಕಂಟಕವಾಯಿತು. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಶೇಷ ತಮಿಳುನಾಡನ್ನು ಹಾದು ಅರಬ್ಬೀ ಸಮುದ್ರದತ್ತ ಸಾಗುವಾಗ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಲ್ಲಿ ಡಿಸೆಂಬರ್ ಮೊದಲ ವಾರದಲ್ಲಿ ಭಾರಿ ಮಳೆ ಸುರಿಯಿತು. ಚಾಲಿ ಅಂಗಳದಲ್ಲಿರುವ ಹೊತ್ತದು. ಒಮ್ಮೆ ನೆನೆದ ಅಡಿಕೆ ಒಳಗೆ ಬೂಷ್ಟು ಹಿಡಿದು ಬಣ್ಣಗೆಟ್ಟರೆ ಮಾರುಕಟ್ಟೆಯಲ್ಲಿ ಕೆಳದರ್ಜೆಗಿಳಿಯುತ್ತದೆ. ಅಂಗಳದ ಮೇಲೆ ಪ್ಲಾಸ್ಟಿಕ್ ಹಾಳೆಯ ಚಪ್ಪರ ನಿಲ್ಲಿಸುವ ಈಚಿನ ರೂಢಿ ಈ ಭಯದಿಂದಲೇ ಬಲಗೊಂಡಿದೆ.

ಈ ಮಳೆ ಬಿದ್ದುದು ಸೂರ್ಯನು ಅನುರಾಧಾ ನಕ್ಷತ್ರವನ್ನು ಮುಗಿಸಿ ಜ್ಯೇಷ್ಠಾಕ್ಕೆ ಸರಿಯುತ್ತಿದ್ದಾಗ. ವಾಡಿಕೆಯ ಮಳೆಯ ಪಟ್ಟಿ ಅಲ್ಲಿಯವರೆಗೆ ಬರುವುದಿಲ್ಲ. ಆ ಮಳೆಗೆ ಜನ ಬಳಸಿದ್ದು ಸೌದಿ ಅರೇಬಿಯಾ ಸೂಚಿಸಿದ್ದ ಚಂಡಮಾರುತದ ಹೆಸರನ್ನು. ತನ್ನ ನುಡಿಯಲ್ಲಿ ಹೆಸರಿರುವ ಮಳೆಗೆ ತೋಟಿಗನಲ್ಲಿ ಸಿದ್ಧವಾದ ಒಂದು ಕೆಲಸವೂ ಇರುತ್ತದೆ. ಹೊರಗಿನಿಂದ ಹೆಸರು ಪಡೆದ ಮಳೆಗೆ ಅಂಥ ಸಿದ್ಧತೆ ಇನ್ನೂ ರೂಪುಗೊಂಡಿಲ್ಲ. ಒಂದೆರಡು ವರ್ಷಗಳ ಏರುಪೇರನ್ನೇ ಹವಾಗುಣದ ಬದಲಾವಣೆಯೆಂದು ತೀರ್ಮಾನಿಸುವುದು ಸರಿಯಲ್ಲವಾದರೂ, ಭೂಮಿ ಬೆಚ್ಚಗಾದಂತೆಲ್ಲ ಗಾಳಿ ಹೆಚ್ಚು ತೇವವನ್ನು ಹೊರಬಲ್ಲದು, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ನೂರಕ್ಕೆ ಏಳರಷ್ಟು, ಎಂಬ ಭೌತನಿಯಮ ಈ ಏರುಪೇರುಗಳ ಹಿಂದಿದೆ. ಅರಬ್ಬೀ ಸಮುದ್ರ ಬಿಸಿಯಾಗುತ್ತಿರುವುದೂ, 2021ರ ಮೇ ತಿಂಗಳ ತೌಕ್ತೆಯಂಥ ಚಂಡಮಾರುತಗಳು ಮುಂಗಾರಿಗೆ ಮೊದಲೇ ಕರಾವಳಿಯನ್ನು ತೋಯಿಸುವುದೂ ಇದಕ್ಕೆ ಸಂಬಂಧಿಸಿದ ಸಂಗತಿಗಳು.

ಶಾಸ್ತ್ರ, ಪಂಚಾಂಗ ಮತ್ತು ಪದಕೋಶ

ಕನ್ನಡದಲ್ಲಿ ಮಳೆಯ ಚಿಂತನೆಗೆ ಗ್ರಂಥಪರಂಪರೆಯೂ ಇದೆ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ವು ನೆಲದಡಿಯ ನೀರನ್ನು ಕಂಡುಹಿಡಿಯುವ ಕ್ರಮವನ್ನೂ ವೃಕ್ಷಾಯುರ್ವೇದವನ್ನೂ ಒಳಗೊಂಡಿದೆ. ಸುಮಾರು 1300ರ ಅರ್ಹದ್ದಾಸನ ‘ರಟ್ಟಮತ’ವಂತೂ ಮಳೆ, ಮಿಂಚು, ಭೂಕಂಪಗಳ ಲಕ್ಷಣಗಳನ್ನೇ ವಸ್ತುವಾಗಿಸಿಕೊಂಡಿದ್ದು, ತೆಲುಗಿಗೂ ಅನುವಾದವಾಯಿತು. ಈ ಪರಂಪರೆ ನಿಶ್ಚಲವಾದುದಲ್ಲ. ನಕ್ಷತ್ರಗಳನ್ನು ಆಧರಿಸಿದ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಹೆಚ್ಚಾಗಿರುವುದರಿಂದ ಎಪ್ಪತ್ತೊಂದು ಎಪ್ಪತ್ತೆರಡು ವರ್ಷಗಳಿಗೆ ಒಂದು ದಿನದಂತೆ ನಕ್ಷತ್ರದ ಮಳೆ ಋತುವಿನಿಂದ ಜಾರುತ್ತ ಬಂದಿದೆ. ಅರ್ಹದ್ದಾಸನ ಕಾಲದಿಂದ ಇಂದಿನವರೆಗೆ ಈ ಜಾರುವಿಕೆ ಹತ್ತು ದಿನಗಳಷ್ಟು. ತಲೆಮಾರುಗಳ ಅನುಭವ ಅದನ್ನು ಸದ್ದಿಲ್ಲದೆ ಸರಿಹೊಂದಿಸಿಕೊಂಡಿತು. ಏಳು ಶತಮಾನಗಳ ಆ ಸರಿತಕ್ಕಿಂತ ಹೆಚ್ಚಿನ ಅಂತರ ಈಗ ಎರಡು ವರ್ಷಗಳ ನಡುವೆಯೇ ಕಾಣಿಸುತ್ತಿದೆ. ಹಳೆಯ ತಿಳಿವಳಿಕೆ ಸುಳ್ಳಾಗಿಲ್ಲ. ಅದು ಹೊಂದಿಕೊಳ್ಳಲು ಪಡೆಯುತ್ತಿದ್ದ ಕಾಲಾವಕಾಶ ಇಲ್ಲವಾಗಿದೆ.

ಮದರಾಸು ಆಧಿಪತ್ಯದ ಕಾಲದಲ್ಲಿ, 1916ರಲ್ಲಿ, ಕಾಸರಗೋಡಿನಲ್ಲಿ ಆರಂಭವಾದ ತೆಂಗು ಸಂಶೋಧನೆ ಮುಂದೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ 1956ರಲ್ಲಿ ಹುಟ್ಟಿತು. ತಳಿ, ಗೊಬ್ಬರ, ರೋಗನಿಯಂತ್ರಣಗಳಲ್ಲಿ ಇವುಗಳ ಕೊಡುಗೆ ದೊಡ್ಡದು. ಹವಾಮಾನ ಆಧಾರಿತ ಬೆಳೆ ವಿಮೆಯೂ ತೋಟಿಗರನ್ನು ತಲಪಿದೆ. ಆದರೆ ಅದು ಮಳೆಮಾಪಕದ ಅಂಕಿಗಳನ್ನು ನೋಡುವುದೇ ಹೊರತು ಉದುರಿದ ಕಾಯಿಯನ್ನಲ್ಲ. ಮಾಪಕ ತೋರುವ ಮಿಲಿಮೀಟರಿಗೂ ತೋಟಿಗ ಹೇಳುವ ‘ಹೊಳವು’ ಎಂಬ ಮಾತಿಗೂ ನಡುವೆ ಇರುವ ಕಂದಕವನ್ನು ತುಂಬಲು ವಿಜ್ಞಾನಿಗಳೊಡನೆ ಭಾಷಾಭ್ಯಾಸಿಗಳೂ ಬೇಕಾಗುತ್ತಾರೆ.

ಕೊಟ್ಟೆ, ಚೊಗರು, ಹಸ, ಬೆಟ್ಟೆ, ಸಿಂಗಾರ, ಕೊನೆಗೌಡ ಮೊದಲಾದ ವೃತ್ತಿಪದಗಳನ್ನು ಅರ್ಥದೊಡನೆ ಸಂಗ್ರಹಿಸುವ ಕಾರ್ಯ ಕನ್ನಡದಲ್ಲಿ ನಡೆದಿದೆ. ಇನ್ನು ಮುಂದೆ ಒಂದೊಂದು ಪದದ ಜೊತೆಗೆ ಆ ಕೆಲಸ ಯಾವ ಊರಿನಲ್ಲಿ, ಯಾವ ನಕ್ಷತ್ರದಲ್ಲಿ, ಮಳೆ ಯಾವ ಸ್ಥಿತಿಯಲ್ಲಿದ್ದಾಗ ನಡೆಯುತ್ತಿತ್ತು, ಈಗ ಯಾವಾಗ ನಡೆಯುತ್ತಿದೆ ಎಂಬ ವಿವರಗಳೂ ದಾಖಲಾಗಬೇಕು. ಅಂಥ ಕ್ಷೇತ್ರಕಾರ್ಯಕ್ಕೆ ವೃದ್ಧ ತೋಟಿಗರ ಮತ್ತು ಕೊನೆಗೌಡರ ನೆನಪೇ ಆಕರ. ಅವರ ನೆನಪಿನಲ್ಲಿರುವ ಮಳೆಗಾಲಗಳ ಕ್ರಮ ಬರವಣಿಗೆಗೆ ಇಳಿದರೆ ಅದು ನಿಘಂಟಿಗೆ ಎಷ್ಟು ಉಪಯುಕ್ತವೋ, ಸಿಂಪಡಣೆಯ ದಿನವನ್ನು ಹೊಸದಾಗಿ ಗೊತ್ತುಮಾಡಬೇಕಾದ ತೋಟಿಗನ ಮಗನಿಗೂ ಮಗಳಿಗೂ ಅಷ್ಟೇ ಉಪಯುಕ್ತವಾಗುವುದು.